ಫೋರ್ ವೀಲ್ ಗೇರ್ ವರ್ಷಕ್ಕೆ ಎಷ್ಟು ಸಲ ಬೀಳುತ್ತದೆ?

ಕಾಸರಗೋಡು: ಗಡಿನಾಡಿನ ಪೇಟೆಗಳಲ್ಲಿ ಈಗ ಎತ್ತರದ, ದಪ್ಪ ಟಯರಿನ ವಾಹನಗಳಿಗೆ ಬರವಿಲ್ಲ. ಬದಿಯಡ್ಕ, ಮುಳ್ಳೇರಿಯ, ಪೆರ್ಲದಲ್ಲಾಗಲಿ, ಆಚೆಯ ಸುಳ್ಯ, ಪುತ್ತೂರಿನಲ್ಲಾಗಲಿ, ಮದುವೆ ಮಂಟಪದ ಅಂಗಳದಲ್ಲಿ ನಿಂತ ವಾಹನಗಳನ್ನು ಒಮ್ಮೆ ನೋಡಿದರೆ ಸಾಕು. ಹತ್ತರಲ್ಲಿ ಒಂದೆರಡರ ಬೆನ್ನ ಮೇಲೆ 'ಫೋರ್ ಬೈ ಫೋರ್' ಎಂಬ ಬರಹ ಕಾಣಸಿಗುತ್ತದೆ. ಗುಡ್ಡ ಹತ್ತುವ, ಹೊಳೆ ದಾಟುವ, ಕೆಸರಿನಿಂದ ಎದ್ದು ಬರುವ ಸಾಮರ್ಥ್ಯ ಈ ವಾಹನಗಳಿಗೆ ಇದೆ ಎನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಮರ್ಥ್ಯವನ್ನು ಮಾಲೀಕರು ವರ್ಷದಲ್ಲಿ ಎಷ್ಟು ದಿನ ಬಳಸುತ್ತಾರೆ?

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಸಾಲ ಮಾಡಿ ದೊಡ್ಡ ವಾಹನ ಕೊಳ್ಳುವ ಕೃಷಿಕನ ಪಾಲಿಗೆ ಇದು ಬರೀ ಹರಟೆಯ ವಿಷಯವಲ್ಲ. ಲಕ್ಷಗಟ್ಟಲೆ ರೂಪಾಯಿಯ ವ್ಯತ್ಯಾಸ ಇದರಲ್ಲಿ ಅಡಗಿದೆ. ಮಳೆಗಾಲದ ರಾತ್ರಿ ಮನೆಯ ಹಿರಿಯರನ್ನು ಮಂಗಳೂರಿನ ಆಸ್ಪತ್ರೆಗೆ ಮುಟ್ಟಿಸುವ ಪ್ರಶ್ನೆಯೂ ಅಡಗಿದೆ. ಹಾಗಾಗಿ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡುವುದು ಒಳ್ಳೆಯದು.

ಅಮೆರಿಕದಲ್ಲಿ ಕಂಡದ್ದು

ದೊಡ್ಡ ವಾಹನಗಳ ತವರಾದ ಅಮೆರಿಕದಲ್ಲಿ ಈ ಪ್ರಶ್ನೆ ಹಳೆಯದು. ಅಲ್ಲಿ ವಾಹನ ಕೊಂಡವರ ಅಭಿಪ್ರಾಯ ಸಂಗ್ರಹಿಸುವ ಸ್ಟ್ರ್ಯಾಟೆಜಿಕ್ ವಿಷನ್ ಎಂಬ ಸಂಸ್ಥೆಯ ಅಂಕಿಅಂಶಗಳು 2019ರಲ್ಲಿ ಪ್ರಕಟವಾದವು. ಅವುಗಳ ಪ್ರಕಾರ ಪಿಕಪ್ ಟ್ರಕ್ ಇರುವವರಲ್ಲಿ ಶೇಕಡಾ 70ರಷ್ಟು ಮಂದಿ ರಸ್ತೆ ಬಿಟ್ಟು ಇಳಿಯುವುದು ವರ್ಷಕ್ಕೆ ಒಂದು ಸಲ, ಇಲ್ಲವೇ ಒಂದು ಸಲವೂ ಇಲ್ಲ. ಶೇಕಡಾ 75ರಷ್ಟು ಮಂದಿ ಟ್ರೇಲರ್ ಕಟ್ಟಿ ಎಳೆಯುವುದೂ ಅಷ್ಟೇ ಅಪರೂಪ. ಅಂದರೆ ಕಂಪನಿಗಳ ಜಾಹೀರಾತಿನಲ್ಲಿ ಧೂಳೆಬ್ಬಿಸುತ್ತ ಬೆಟ್ಟ ಹತ್ತುವ ವಾಹನ, ಮನೆಗೆ ಬಂದ ಮೇಲೆ ಹೆಚ್ಚಾಗಿ ಅಂಗಡಿಗೆ, ಆಫೀಸಿಗೆ, ಮಕ್ಕಳ ಶಾಲೆಗೆ ಓಡುತ್ತದೆ.

ಇಂಗ್ಲೆಂಡಿನಲ್ಲಿ ಇದಕ್ಕೆ ಒಂದು ಅಡ್ಡಹೆಸರೇ ಇದೆ. ಲಂಡನ್ ನಗರದ ಶ್ರೀಮಂತರ ಬಡಾವಣೆಯ ಹೆಸರು ಸೇರಿಸಿ ಇಂಥ ವಾಹನವನ್ನು 'ಚೆಲ್ಸಿಯಾ ಟ್ರ್ಯಾಕ್ಟರ್' ಎಂದು ಕರೆಯುತ್ತಾರೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಅದೇ ಅರ್ಥದಲ್ಲಿ 'ಟೂರಾಕ್ ಟ್ರ್ಯಾಕ್ಟರ್' ಎನ್ನುತ್ತಾರೆ. ಗದ್ದೆಯನ್ನೇ ಕಾಣದ ಟ್ರ್ಯಾಕ್ಟರ್ ಎಂಬ ಗೇಲಿ ಅದು.

ಅಮೆರಿಕದ ಲೆಕ್ಕವನ್ನು ಹಾಗೆಯೇ ತಂದು ನಮ್ಮ ಗುಡ್ಡಗಾಡಿಗೆ ಅಂಟಿಸಲು ಬರುವುದಿಲ್ಲ. ಅಲ್ಲಿ ರಸ್ತೆ ಬಿಟ್ಟು ಇಳಿಯುವುದು ಬಹುಮಟ್ಟಿಗೆ ಹವ್ಯಾಸ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಹೋಗುವ ದಾರಿಯೇ 'ಆಫ್ ರೋಡ್'. ಆದ್ದರಿಂದ ಇಲ್ಲಿಯ ಲೆಕ್ಕವನ್ನು ಇಲ್ಲಿಯ ದಾರಿಯಿಂದಲೇ ಶುರು ಮಾಡಬೇಕು.

ಜೀಪು ಬಂದ ಬಗೆ

ಎರಡನೇ ಮಹಾಯುದ್ಧದ ಹೊತ್ತಿಗೆ, 1941ರಿಂದ ಅಮೆರಿಕದ ಸೈನ್ಯಕ್ಕಾಗಿ ವಿಲ್ಲಿಸ್ ಕಂಪನಿ ತಯಾರಿಸಿದ ವಾಹನವೇ ಜೀಪು. ಯುದ್ಧ ಮುಗಿದ ಮೇಲೆ ಅದು ರೈತರ ಕೈಗೆ ಬಂತು. 1948ರಲ್ಲಿ ಬ್ರಿಟನ್ನಿನ ರೋವರ್ ಕಂಪನಿ ಹೊರತಂದ ಲ್ಯಾಂಡ್ ರೋವರ್ ಕೂಡ ಮೊದಲು ಕಣ್ಣಿಟ್ಟದ್ದು ಹೊಲ ಗದ್ದೆಯ ಮಾಲೀಕರ ಮೇಲೆ. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. 1985ರಲ್ಲಿ ಮಾರುತಿ ಕಂಪನಿಯ ಜಿಪ್ಸಿ ಬಂತು.

ಕಾಸರಗೋಡಿನ ಪೂರ್ವದ ಗುಡ್ಡಗಳಲ್ಲಿ, ವಯನಾಡಿನಲ್ಲಿ, ನೀಲಗಿರಿಯ ಚಹಾ ತೋಟಗಳಲ್ಲಿ, ಕೊಡಗಿನ ಕಾಫಿ ಎಸ್ಟೇಟುಗಳಲ್ಲಿ ಜೀಪು ಎಂದರೆ ಮನೆಯ ಎತ್ತು ಇದ್ದ ಹಾಗೆ. ಬಸ್ಸು ಬಾರದ ಊರಿಗೆ ಟ್ರಿಪ್ ಜೀಪೇ ಬಸ್ಸು. ಹಿಂದೆ ನೇತಾಡುತ್ತ, ಬಾನೆಟ್ಟಿನ ಬದಿಗೆ ಒರಗುತ್ತ ಜನ ಪೇಟೆಗೆ ಬರುತ್ತಿದ್ದರು. ಅಡಿಕೆ ಮೂಟೆ, ಗೊಬ್ಬರ, ಅಕ್ಕಿ, ಹೆರಿಗೆ ನೋವಿನ ಹೆಂಗಸು, ಎಲ್ಲವೂ ಅದರಲ್ಲೇ.

ಆದರೆ ಒಂದು ಸಂಗತಿಯನ್ನು ಹಲವರು ಮರೆತಿದ್ದಾರೆ. ಹಾಗೆ ಓಡುತ್ತಿದ್ದ ಕಮಾಂಡರ್, ಮಾರ್ಷಲ್ ಜೀಪುಗಳಲ್ಲಿ ಬಹುಪಾಲು ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಳೆತ ಇದ್ದವು. ನಾಲ್ಕು ಚಕ್ರದ ಎಳೆತ ಇಲ್ಲದೆಯೇ ಅವು ಎಷ್ಟೋ ವರ್ಷ ಗುಡ್ಡದ ಮನೆಗಳನ್ನು ಮುಟ್ಟಿದವು. ಎತ್ತರದ ಅಡಿಭಾಗ, ಗಟ್ಟಿ ಪ್ಲೇಟು, ಹಿಂದೆ ತುಂಬಿದ ಭಾರ ಮತ್ತು ದಾರಿ ಬಲ್ಲ ಚಾಲಕ, ಇಷ್ಟೇ ಅವುಗಳ ಬಂಡವಾಳ.

ನಾಲ್ಕು ಚಕ್ರದ ಎಳೆತ ಏನು ಮಾಡುತ್ತದೆ?

ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಚಕ್ರಗಳಿಗೆ ಅಥವಾ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತದೆ. ಆ ಎರಡು ಚಕ್ರಗಳಿಗೆ ಹಿಡಿತ ತಪ್ಪಿದರೆ ಉಳಿದೆರಡು ಸುಮ್ಮನೆ ನೋಡುತ್ತಿರುತ್ತವೆ. ಥಾರ್, ಜಿಮ್ನಿ, ಗೂರ್ಖಾ ಮುಂತಾದ ವಾಹನಗಳಲ್ಲಿ ಗೇರ್ ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ ಇರುತ್ತದೆ. ಮುಂದಕ್ಕೂ ಹಿಂದಕ್ಕೂ ಬಲವನ್ನು ಹಂಚುವುದು ಅದರ ಕೆಲಸ.

ಇದರಲ್ಲಿ ಮೂರು ಸ್ಥಿತಿಗಳು. 'ಟು ಹೈ' ಎಂದರೆ ಎರಡು ಚಕ್ರದ ಎಳೆತ, ದಿನನಿತ್ಯದ ಓಟಕ್ಕೆ. 'ಫೋರ್ ಹೈ' ಎಂದರೆ ನಾಲ್ಕು ಚಕ್ರದ ಎಳೆತ, ಸಾಮಾನ್ಯ ವೇಗದಲ್ಲಿ ಜಾರುವ ಮಣ್ಣು, ಮರಳು, ಜಲ್ಲಿಗೆ. 'ಫೋರ್ ಲೋ' ಎಂದರೆ ನಾಲ್ಕು ಚಕ್ರದ ಎಳೆತದ ಜೊತೆಗೆ ಇನ್ನಷ್ಟು ಕೆಳಗಿನ ಗೇರು. ಜಿಮ್ನಿಯಲ್ಲಿ ಇದು ಎಳೆಯುವ ಬಲವನ್ನು ಎರಡು ಪಟ್ಟು, ಥಾರ್‌ನಲ್ಲಿ ಸುಮಾರು ಎರಡೂವರೆ ಪಟ್ಟು ಮಾಡುತ್ತದೆ. ವೇಗ ಅಷ್ಟೇ ಪಾಲು ತಗ್ಗುತ್ತದೆ. ಕಡಿದಾದ ಏರಿನಲ್ಲಿ ಆಮೆಯಂತೆ ಹತ್ತಲು, ಬ್ರೇಕಿಗೆ ಕಾಲಿಡದೆ ಇಳಿಯಲು ಇದೇ ಬೇಕು.

ಒಣ ಡಾಮರು ರಸ್ತೆಯಲ್ಲಿ ಇಂಥ ವಾಹನದ ಫೋರ್ ವೀಲ್ ಗೇರ್ ಹಾಕಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಎರಡೂ ಆಕ್ಸಲ್‌ಗಳನ್ನು ಒಟ್ಟಿಗೆ ಬಿಗಿದಾಗ ಆ ವ್ಯತ್ಯಾಸ ತೀರಲು ಎಲ್ಲಾದರೂ ಒಂದು ಚಕ್ರ ಜಾರಲೇಬೇಕು. ಕೆಸರಿನಲ್ಲಿ ಅದು ಸುಲಭವಾಗಿ ಜಾರುತ್ತದೆ. ಒಣ ಡಾಮರಿನಲ್ಲಿ ಜಾರದೆ, ಒತ್ತಡವೆಲ್ಲ ಗೇರು ಮತ್ತು ಜಾಯಿಂಟುಗಳ ಮೇಲೆ ಬೀಳುತ್ತದೆ. ಅಂದರೆ ಈ ಸೌಲಭ್ಯ ಕೆಟ್ಟ ದಾರಿಗೆ ಮಾತ್ರ ಮೀಸಲು. ಒಳ್ಳೆಯ ದಾರಿಯಲ್ಲಿ ಅದನ್ನು ಹೊತ್ತು ತಿರುಗಬಹುದೇ ಹೊರತು ಬಳಸಲು ಬರುವುದಿಲ್ಲ.

ಎತ್ತರವಾಗಿ ಕಾಣುವ ಎಲ್ಲ ವಾಹನಗಳಿಗೂ ಈ ಸೌಲಭ್ಯ ಇಲ್ಲ ಎನ್ನುವುದೂ ಗೊತ್ತಿರಬೇಕು. ಕ್ರೆಟಾ, ಬ್ರೆಝಾಗಳಂತಹ ಜನಪ್ರಿಯ ವಾಹನಗಳು ಮುಂದಿನ ಎರಡು ಚಕ್ರದ ಎಳೆತದವು. ಹಿಂದೆ ಫೋರ್ ವೀಲ್ ಡ್ರೈವ್‌ನಲ್ಲಿಯೂ ಸಿಗುತ್ತಿದ್ದ ಟಾಟಾ ಸಫಾರಿಯು 2021ರಲ್ಲಿ ಹೊಸ ರೂಪದಲ್ಲಿ ಬಂದಾಗ ಆ ಸೌಲಭ್ಯ ಇರಲಿಲ್ಲ.

ದಾರಿಯಲ್ಲಿ ಮೂರು ಬಗೆ

ಈ ಭಾಗದ ದಾರಿಗಳನ್ನು ಸರಳವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಡಾಮರು ಅಥವಾ ಕಾಂಕ್ರೀಟ್ ರಸ್ತೆ. ಎರಡನೆಯದು ಮಣ್ಣಿನ, ಜಲ್ಲಿಯ, ಮುರಕಲ್ಲಿನ ದಾರಿ. ಹೊಂಡ ಗುಂಡಿ ಇದ್ದರೂ ಆಟೋ ರಿಕ್ಷಾ, ಗೂಡ್ಸ್ ಟೆಂಪೊ ವರ್ಷದ ಹೆಚ್ಚಿನ ದಿನ ಅಲ್ಲಿ ಹೋಗುತ್ತವೆ. ಮೂರನೆಯದು ಎರಡು ಚಕ್ರದ ಎಳೆತದ ವಾಹನ ನಿಜವಾಗಿಯೂ ಸಿಕ್ಕಿಬೀಳುವ ಜಾಗ. ಆಟಿ ತಿಂಗಳಿನಲ್ಲಿ ಪಾಚಿ ಕಟ್ಟಿದ ಏರು, ತೋಡು ದಾಟುವ ಕಡೆಯ ಕೆಸರು, ಜೆಸಿಬಿ ಹೊಸತಾಗಿ ಅಗೆದ ತೋಟದ ದಾರಿ, ಇವು ಈ ಬಗೆಯವು.

ಬಹಳ ಮಂದಿ 'ನಮ್ಮದು ಆಫ್ ರೋಡ್' ಎನ್ನುವುದು ಎರಡನೆಯ ಬಗೆಯ ದಾರಿಯನ್ನು. ಅಲ್ಲಿ ಬೇಕಾಗುವುದು ಎತ್ತರದ ಅಡಿಭಾಗ ಮತ್ತು ಗಟ್ಟಿ ಸಸ್ಪೆನ್ಶನ್. ಬೊಲೆರೋದಂತಹ ವಾಹನ ಹಿಂದಿನ ಎರಡು ಚಕ್ರದ ಬಲದಿಂದಲೇ ಅದನ್ನು ನಿಭಾಯಿಸುತ್ತದೆ. ನಾಲ್ಕು ಚಕ್ರದ ಎಳೆತಕ್ಕೆ ಕೆಲಸ ಇರುವುದು ಮೂರನೆಯ ಬಗೆಯಲ್ಲಿ ಮಾತ್ರ.

ಆ ಮೂರನೆಯ ಬಗೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಪಂಚಾಯತುಗಳು ಕಾಲನಿ ರಸ್ತೆಗಳಿಗೆ ಕಾಂಕ್ರೀಟ್ ಹಾಕಿವೆ. ಹಿಂದೆ ಜೀಪು ಮಾತ್ರ ಹತ್ತುತ್ತಿದ್ದ ಎಷ್ಟೋ ಏರುಗಳನ್ನು ಈಗ ಸ್ಕೂಟರ್ ಹತ್ತುತ್ತದೆ. ಮಂಜೇಶ್ವರ ತಾಲೂಕಿನ ನಂದಾರಪದವಿನಿಂದ ಪಾರಶ್ಶಾಲೆಯವರೆಗೆ ಯೋಜಿಸಿದ ಮಲಯೋರ ಹೆದ್ದಾರಿ ಗುಡ್ಡಗಾಡಿನ ಊರುಗಳ ನಡುವೆಯೇ ಹಾದುಹೋಗುತ್ತದೆ. ಹೀಗೆ ಒಂದು ಕಡೆ ಕೆಟ್ಟ ದಾರಿ ಕಡಿಮೆಯಾಗುತ್ತಿರುವಾಗ, ಇನ್ನೊಂದು ಕಡೆ ಕೆಟ್ಟ ದಾರಿಗೆಂದೇ ತಯಾರಾದ ವಾಹನದ ಮೇಲಿನ ಮೋಹ ಹೆಚ್ಚುತ್ತಿರುವುದು ವಿಚಿತ್ರವಾದರೂ ಸತ್ಯ.

ಒಂದು ತೋಟದ ಲೆಕ್ಕ

ಉದಾಹರಣೆಗೆ ಒಬ್ಬ ಕೃಷಿಕರ ಮನೆಯನ್ನು ಊಹಿಸಿಕೊಳ್ಳೋಣ. ಮುಖ್ಯ ರಸ್ತೆಯಿಂದ ಮನೆಗೆ 400 ಮೀಟರ್ ಮಣ್ಣಿನ ದಾರಿ. ಅದರಲ್ಲಿ 50 ಮೀಟರ್ ಕಡಿದಾದ ಏರು. ದಿನಕ್ಕೆ ಎರಡು ಸಲ ಹೋಗಿ ಬರುತ್ತಾರೆ. ವರ್ಷಕ್ಕೆ ಒಟ್ಟು ಓಟ 12,000 ಕಿಲೋಮೀಟರ್.

ಮಣ್ಣಿನ ದಾರಿಯಲ್ಲಿ ದಿನಕ್ಕೆ 1.6 ಕಿಲೋಮೀಟರಿನಂತೆ ವರ್ಷಕ್ಕೆ ಸುಮಾರು 580 ಕಿಲೋಮೀಟರ್ ಓಡುತ್ತದೆ. ಆದರೆ ಆ ದಾರಿಯಲ್ಲಿ ನಿಜವಾಗಿ ಚಕ್ರ ಜಾರುವುದು ಆ 50 ಮೀಟರಿನಲ್ಲಿ, ಅದೂ ಮಳೆಯಲ್ಲಿ. ಅಂಥ ದಿನಗಳು ವರ್ಷಕ್ಕೆ ನೂರು ಎಂದು ಇಟ್ಟುಕೊಂಡರೆ, ದಿನಕ್ಕೆ ನಾಲ್ಕು ಸಲ 50 ಮೀಟರಿನಂತೆ ಒಟ್ಟು 20 ಕಿಲೋಮೀಟರ್. ಹನ್ನೆರಡು ಸಾವಿರದಲ್ಲಿ ಇಪ್ಪತ್ತು. ಸಾವಿರಕ್ಕೆ ಎರಡೂ ತುಂಬಲಿಲ್ಲ. ಮನೆಗೆ ಇಳಿಯುವಾಗ ಎರಡು ಚಕ್ರವೇ ಸಾಕೆಂದರೆ ಅದರಲ್ಲಿಯೂ ಅರ್ಧ.

ಮಳೆ ಸುರಿಯುವ, ಗುಡ್ಡದ ಬುಡದಲ್ಲಿರುವ, ನಿಜವಾಗಿ ಅಗತ್ಯವಿರುವ ಮನೆಯ ಲೆಕ್ಕ ಇದು. ಪೇಟೆಯಲ್ಲಿ ಮನೆ ಇದ್ದು ವರ್ಷಕ್ಕೊಮ್ಮೆ ಸ್ನೇಹಿತರೊಡನೆ ಬೆಟ್ಟ ನೋಡಲು ಹೋಗುವವರದು ಇದಕ್ಕಿಂತ ಎಷ್ಟೋ ಕಡಿಮೆ.

ಆದರೆ ಕಿಲೋಮೀಟರನ್ನು ಮಾತ್ರ ಅಳೆದು ತೀರ್ಮಾನಕ್ಕೆ ಬರುವುದೂ ಸರಿಯಲ್ಲ. ಬಾವಿಗೆ ಕಟ್ಟಿದ ಕಟ್ಟೆಯನ್ನು ಎಷ್ಟು ಮಂದಿ ಬೀಳಲು ಹೋದರು ಎಂದು ಎಣಿಸಿ ಯಾರೂ ಬೆಲೆ ಕಟ್ಟುವುದಿಲ್ಲ. ಆ 50 ಮೀಟರ್ ಹತ್ತಲಾಗದೆ ರಾತ್ರಿ ರೋಗಿಯನ್ನು ಕುರ್ಚಿಯಲ್ಲಿ ಹೊತ್ತು ತಂದ ಮನೆಯವರಿಗೆ ಆ ಇಪ್ಪತ್ತು ಕಿಲೋಮೀಟರಿನ ಬೆಲೆ ಗೊತ್ತು. ಹಾಗಾಗಿ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು. ಎಷ್ಟು ಸಲ ಬೇಕಾಗುತ್ತದೆ? ಬೇಕಾದಾಗ ಇಲ್ಲದಿದ್ದರೆ ಏನಾಗುತ್ತದೆ?

ದಿನವೂ ಬಳಸುವವರು ಯಾರು?

ನಾಲ್ಕು ಚಕ್ರದ ಎಳೆತವನ್ನು ದಿನವೂ ಬಳಸುವವರು ಇದ್ದಾರೆ. ಅವರ ವಾಹನಗಳು ಹೆಚ್ಚಾಗಿ ಹಳೆಯವು, ಬಣ್ಣ ಹೋದವು. ಕೊಲ್ಲೂರಿನಿಂದ ಕೊಡಚಾದ್ರಿಗೆ ಭಕ್ತರನ್ನೂ ಪ್ರವಾಸಿಗರನ್ನೂ ಹತ್ತಿಸುವ ಜೀಪುಗಳನ್ನು ಕಾಸರಗೋಡಿನವರು ಚೆನ್ನಾಗಿ ಬಲ್ಲರು. ಮಡಿಕೇರಿಯ ಕಡೆಯಿಂದ ಮಾಂದಲ್‌ಪಟ್ಟಿಗೆ, ವಯನಾಡಿನಲ್ಲಿ 900 ಕಂಡಿಗೆ, ಇಡುಕ್ಕಿಯ ಸೂರ್ಯನೆಲ್ಲಿಯಿಂದ ತಮಿಳುನಾಡಿನ ಕೊಳುಕ್ಕುಮಲೆಗೆ ಹೋಗುವ ಜೀಪುಗಳೂ ಇದೇ ಜಾತಿಯವು. ಸೀಸನ್ನಿನಲ್ಲಿ ಈ ಚಾಲಕರು ಒಂದೇ ದಿನ ಒಂದಕ್ಕಿಂತ ಹೆಚ್ಚು ಟ್ರಿಪ್ ಹೊಡೆಯುತ್ತಾರೆ. ಪೇಟೆಯ ಮಾಲೀಕ ಐದು ವರ್ಷದಲ್ಲಿ ಫೋರ್ ವೀಲ್ ಗೇರ್ ಹಾಕುವಷ್ಟನ್ನು ಅವರು ಒಂದು ವಾರದಲ್ಲಿ ಹಾಕಿದರೆ ಆಶ್ಚರ್ಯವಿಲ್ಲ.

ಎಸ್ಟೇಟುಗಳ ಪಿಕಪ್, ಅರಣ್ಯ ಇಲಾಖೆಯ ಗಸ್ತು ವಾಹನ, ಕಾಡಂಚಿನಿಂದ ಮರ ಸಾಗಿಸುವವರ ವಾಹನ, ಇವೂ ಈ ಸಾಲಿಗೆ ಸೇರುತ್ತವೆ. ಇವರಲ್ಲಿ ಹೆಚ್ಚಿನವರಿಗೆ ಅದು ಹೊಟ್ಟೆಪಾಡು, ಷೋಕಿ ಅಲ್ಲ. ಮಾತ್ರವಲ್ಲ, ದಿನವೂ ಬಳಸುವ ಕಾರಣ ಯಾವ ಕಲ್ಲಿಗೆ ಯಾವ ಚಕ್ರ ಕೊಡಬೇಕು, ಯಾವಾಗ ಲೋ ಗೇರ್ ಹಾಕಬೇಕು ಎಂಬುದು ಅವರಿಗೆ ಕೈಯಳತೆಯಲ್ಲಿ ಗೊತ್ತು.

ವಿಪತ್ತು ಬಂದಾಗ

2018ರ ಆಗಸ್ಟ್ ತಿಂಗಳ ಕೇರಳದ ಮಹಾಪ್ರವಾಹದಲ್ಲಿ ಮೀನುಗಾರರ ದೋಣಿಗಳ ಜೊತೆಗೆ ಫೋರ್ ವೀಲ್ ಡ್ರೈವ್ ಹವ್ಯಾಸಿ ಕೂಟಗಳ ಜೀಪುಗಳೂ ರಕ್ಷಣಾ ಕಾರ್ಯಕ್ಕೆ ಇಳಿದವು. ಅದೇ ತಿಂಗಳು ಕೊಡಗಿನಲ್ಲಿ ಮಕ್ಕಂದೂರು, ಜೋಡುಪಾಲ ಪರಿಸರದಲ್ಲಿ ಗುಡ್ಡಗಳೇ ಕುಸಿದು ರಸ್ತೆಗಳು ಮಾಯವಾದವು.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ಭೂಕುಸಿತವಾದಾಗ ಸೇತುವೆ ಕೊಚ್ಚಿಹೋಯಿತು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಸೈನ್ಯದ ಮದ್ರಾಸ್ ಎಂಜಿನಿಯರ್ ಗ್ರೂಪಿನ ಯೋಧರು ಆಗಸ್ಟ್ 1ರಂದು 190 ಅಡಿ ಉದ್ದದ, 24 ಟನ್ ಭಾರ ತಾಳುವ ಬೈಲಿ ಸೇತುವೆ ಕಟ್ಟಿ ಮುಗಿಸಿದರು. ಕೆಸರು, ಬಂಡೆ, ಮರದ ದಿಮ್ಮಿಗಳ ನಡುವೆ ಆಹಾರ, ಜನ, ಸಲಕರಣೆ ಸಾಗಿಸಲು ಅಲ್ಲಿಯ ಆಫ್ ರೋಡ್ ಜೀಪು ಚಾಲಕರು ನೆರವಾದರು.

ಇಂಥ ದಿನಗಳಲ್ಲಿ ವಾಹನದ ಸಾಮರ್ಥ್ಯದಷ್ಟೇ ಚಾಲಕನ ಅಭ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಎಂದೂ ಲೋ ಗೇರ್ ಹಾಕದವರು ವಿಪತ್ತಿನ ದಿನ ಮೊದಲ ಬಾರಿಗೆ ಹಾಕಲು ಹೋದರೆ ನಡುದಾರಿಯಲ್ಲಿ ಸಿಕ್ಕಿಕೊಂಡು, ಹಿಂದಿನಿಂದ ಬರುವ ಆಂಬ್ಯುಲೆನ್ಸಿಗೂ ಅಡ್ಡಿಯಾಗಬಹುದು.

ಹಣದ ಮಾತು

2020ರ ಹೊಸ ಥಾರ್ ಮೊದಲು ಬಂದದ್ದು ಫೋರ್ ವೀಲ್ ಡ್ರೈವ್‌ನಲ್ಲಿ ಮಾತ್ರ. 2023ರ ಜನವರಿಯಲ್ಲಿ ಅದೇ ರೂಪದ, ಆದರೆ ಹಿಂದಿನ ಚಕ್ರಕ್ಕೆ ಮಾತ್ರ ಎಳೆತ ಇರುವ ಮಾದರಿ 9.99 ಲಕ್ಷ ರೂಪಾಯಿ ಷೋರೂಂ ಬೆಲೆಯಿಂದ ಮಾರುಕಟ್ಟೆಗೆ ಬಂತು. 2024ರ ಆಗಸ್ಟಿನಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್ ಮೊದಲಿನಿಂದಲೇ ಎರಡೂ ಬಗೆಯಲ್ಲಿದೆ. ಜನ ಬಯಸುವುದು ಆ ನೋಟವನ್ನು, ಎತ್ತರದಲ್ಲಿ ಕುಳಿತ ಅನುಭವವನ್ನು ಎಂದು ಕಂಪನಿಗಳಿಗೂ ತಿಳಿದಿದೆ ಎನ್ನಲು ಇಷ್ಟು ಸಾಕು. ಫೋರ್ ವೀಲ್ ಡ್ರೈವ್‌ನಲ್ಲಿ ಮಾತ್ರ ಸಿಗುವ ಜಿಮ್ನಿ 2023ರ ಜೂನಿನಲ್ಲಿ ಬಂದರೂ ದೇಶದೊಳಗಿನ ಮಾರಾಟದಲ್ಲಿ ಅದೇ ಕಂಪನಿಯ ಬ್ರೆಝಾಕ್ಕಿಂತ ತುಂಬ ಹಿಂದುಳಿಯಿತು.

ಬಿಡುಗಡೆಯ ಹೊತ್ತಿಗೆ ಥಾರ್ ರಾಕ್ಸ್‌ನ ಒಂದೇ ದರ್ಜೆಯ ಎರಡು ಡೀಸೆಲ್ ಮಾದರಿಗಳಲ್ಲಿ ಎರಡು ಚಕ್ರದ್ದಕ್ಕೆ 16.99 ಲಕ್ಷ, ನಾಲ್ಕು ಚಕ್ರದ್ದಕ್ಕೆ 18.79 ಲಕ್ಷ ಷೋರೂಂ ಬೆಲೆ ಇತ್ತು. ವ್ಯತ್ಯಾಸ 1.8 ಲಕ್ಷ. ಬೆಲೆ ಏರಿದಂತೆ ಒಮ್ಮೆಗೆ ಕಟ್ಟುವ ರಸ್ತೆ ತೆರಿಗೆ, ವಿಮೆ, ಸಾಲದ ಬಡ್ಡಿ ಎಲ್ಲವೂ ಏರುತ್ತದೆ. ಹೆಚ್ಚುವರಿ ಭಾರ ಹೊತ್ತು ಓಡುವುದರಿಂದ ಮೈಲೇಜೂ ಸ್ವಲ್ಪ ಕಡಿಮೆ.

2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ದರಗಳು ಅಂತರವನ್ನು ಇನ್ನಷ್ಟು ಹಿಗ್ಗಿಸಿವೆ. ನಾಲ್ಕು ಮೀಟರ್ ಉದ್ದ ಮೀರದ, 1500 ಸಿಸಿ ಒಳಗಿನ ಡೀಸೆಲ್ ವಾಹನಕ್ಕೆ ಶೇಕಡಾ 18 ತೆರಿಗೆಯಾದರೆ ದೊಡ್ಡ ಎಂಜಿನ್ನಿನವುಗಳಿಗೆ ಶೇಕಡಾ 40. ಮೂರು ಬಾಗಿಲಿನ ಥಾರ್‌ನಲ್ಲಿ 1.5 ಲೀಟರ್ ಡೀಸೆಲ್ ಎಂಜಿನ್ ಇರುವುದು ಎರಡು ಚಕ್ರದ ಮಾದರಿಗೆ ಮಾತ್ರ. ನಾಲ್ಕು ಚಕ್ರದ ಮಾದರಿಗೆ ದೊಡ್ಡ ಎಂಜಿನ್, ಆದ್ದರಿಂದ ದೊಡ್ಡ ತೆರಿಗೆ.

ಇಲ್ಲಿ ಮತ್ತೆ ಆ 50 ಮೀಟರ್ ಏರಿನ ಕಡೆಗೆ ತಿರುಗೋಣ. ಮೂರು ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದಲ್ಲಿ ಅದಕ್ಕೆ ಕಾಂಕ್ರೀಟ್ ಹಾಕಲು 22.5 ಘನ ಮೀಟರ್ ಕಾಂಕ್ರೀಟ್ ಬೇಕು. ಪೂರ್ತಿ ಅಗಲಕ್ಕೆ ಹಾಕದೆ, ಚಕ್ರ ಹೋಗುವ ಜಾಗದಲ್ಲಿ ಎರಡಡಿ ಅಗಲದ ಎರಡು ಪಟ್ಟಿ ಹಾಕಿದರೆ ಸುಮಾರು 9 ಘನ ಮೀಟರ್ ಸಾಕು. ಊರಿನ ಮೇಸ್ತ್ರಿಯನ್ನು ಕರೆಸಿ ಇದಕ್ಕೆ ಎಷ್ಟಾಗುತ್ತದೆ ಎಂದು ಕೇಳಿ, ಆ ಮೊತ್ತವನ್ನು 1.8 ಲಕ್ಷದ ಪಕ್ಕದಲ್ಲಿಟ್ಟು ನೋಡುವುದು ಜಾಣತನ.

ವ್ಯತ್ಯಾಸ ಹಣದಲ್ಲಿ ಮಾತ್ರ ಅಲ್ಲ. ಫೋರ್ ವೀಲ್ ಡ್ರೈವ್ ವಾಹನ ಅದರ ಮಾಲೀಕನನ್ನು ಮಾತ್ರ ಮನೆ ಮುಟ್ಟಿಸುತ್ತದೆ. ಕಾಂಕ್ರೀಟ್ ಹಾಕಿದ ಏರನ್ನು ಆಟೋ ಹತ್ತುತ್ತದೆ, ಗ್ಯಾಸ್ ಸಿಲಿಂಡರಿನ ಗಾಡಿ ಹತ್ತುತ್ತದೆ, ನೆರೆಮನೆಯ ಹುಡುಗಿಯ ಸ್ಕೂಟರ್ ಹತ್ತುತ್ತದೆ. ಕರೆ ಮಾಡಿದರೆ ಬರುವ ಆಂಬ್ಯುಲೆನ್ಸ್ ಸಾಮಾನ್ಯವಾಗಿ ಎರಡು ಚಕ್ರದ ಎಳೆತದ್ದೇ. ಮಾಲೀಕ ಊರಲ್ಲಿಲ್ಲದ ದಿನವೂ ದಾರಿ ಅಲ್ಲಿಯೇ ಇರುತ್ತದೆ. ದಾರಿ ನಾಲ್ಕೈದು ಮನೆಗಳಿಗೆ ಸೇರಿದ್ದಾದರೆ ಖರ್ಚನ್ನು ಹಂಚಿಕೊಳ್ಳಬಹುದು. ಪಂಚಾಯತಿಗೆ ಬಿಟ್ಟುಕೊಟ್ಟ ದಾರಿಯಾದರೆ ಗ್ರಾಮಸಭೆಯಲ್ಲಿ ಬೇಡಿಕೆ ಇಡಬಹುದು. ಹಾಗಿದ್ದರೂ ಕಾಂಕ್ರೀಟ್ ನಿಲ್ಲದ, ಪ್ರತಿ ಮಳೆಗೆ ಜರಿಯುವ ಗುಡ್ಡದ ಬದಿಯ ದಾರಿಗಳಿವೆ. ಅಂಥ ಕಡೆ ಫೋರ್ ವೀಲ್ ಡ್ರೈವ್ ಬಿಟ್ಟರೆ ಬೇರೆ ಉಪಾಯವಿಲ್ಲ.

ಕಾನೂನಿನ ಗಡಿ

ವಾಹನಕ್ಕೆ ಸಾಮರ್ಥ್ಯ ಇದೆ ಎಂದು ಎಲ್ಲಿ ಬೇಕಾದರೂ ಇಳಿಸಲು ಬರುವುದಿಲ್ಲ. ಕೇರಳದಲ್ಲಿ ಮೀಸಲು ಅರಣ್ಯಕ್ಕೆ ಅತಿಕ್ರಮವಾಗಿ ನುಗ್ಗುವುದು 1961ರ ಅರಣ್ಯ ಕಾಯ್ದೆಯಂತೆ ಅಪರಾಧ. ಅಭಯಾರಣ್ಯಗಳ ಪ್ರವೇಶಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ನಿಲ್ಲುತ್ತದೆ. 2022ರ ಮೇ ತಿಂಗಳಲ್ಲಿ ಇಡುಕ್ಕಿಯ ವಾಗಮಣ್ ಸಮೀಪದ ಚಹಾ ತೋಟದಲ್ಲಿ ನಡೆದ ಆಫ್ ರೋಡ್ ಸ್ಪರ್ಧೆಯ ಕುರಿತು ಮೋಟಾರು ವಾಹನ ಇಲಾಖೆ ಕ್ರಮ ಕೈಗೊಂಡಿತ್ತು. ಬೆಟ್ಟದ ಹುಲ್ಲುಗಾವಲಿನ ಮೇಲೆ ಒಮ್ಮೆ ಬಿದ್ದ ಚಕ್ರದ ಗುರುತು ಮಳೆಗಾಲದಲ್ಲಿ ನೀರಿನ ಕಣಿಯಾಗಿ ಕೊರೆಯುತ್ತದೆ ಎಂಬುದನ್ನೂ ಮರೆಯಬಾರದು.

ದಪ್ಪ ಟಯರ್, ಎತ್ತರಿಸಿದ ಬಾಡಿ ಮುಂತಾದ ಮಾರ್ಪಾಡುಗಳ ಬಗ್ಗೆ ಕೂಡ ಎಚ್ಚರ ಬೇಕು. ಕೇರಳದಿಂದ ಹೋದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕಂಪನಿ ನೀಡಿದ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಾಯಿಸುವಂತಿಲ್ಲ ಎಂದು ತೀರ್ಪಿತ್ತಿದೆ. ಹಾಗೆ ಬದಲಾಯಿಸಿದ ವಾಹನ ಅಪಘಾತಕ್ಕೀಡಾದರೆ ವಿಮೆಯ ಹಣಕ್ಕೂ ತೊಡಕು.

ಗಡಿಯವರಿಗೆ ಇನ್ನೊಂದು ಮಾತು. ಸುಳ್ಯ ಪುತ್ತೂರಿನ ಕಡೆ ಹಳೆಯ ಜೀಪು ಅಗ್ಗಕ್ಕೆ ಸಿಕ್ಕಿತೆಂದು ಕೆಎ 21 ನಂಬರಿನಲ್ಲೇ ಕೇರಳದಲ್ಲಿ ಓಡಿಸುತ್ತಿರುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನಂತೆ ಹನ್ನೆರಡು ತಿಂಗಳು ಮೀರಿ ಇನ್ನೊಂದು ರಾಜ್ಯದಲ್ಲಿ ಇಟ್ಟರೆ ಅಲ್ಲಿಯ ನಂಬರ್ ಮಾಡಿಸಲೇಬೇಕು. ಹದಿನೈದು ವರ್ಷ ದಾಟಿದ ಕಾರು, ಜೀಪುಗಳ ನೋಂದಣಿ ನವೀಕರಣ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. ಇಪ್ಪತ್ತು ವರ್ಷ ದಾಟಿದವುಗಳಿಗೆ 2025ರ ಆಗಸ್ಟಿನಲ್ಲಿ ಅದು 10,000 ಆಯಿತು. ಹಳೆಯ ಜೀಪಿನ ಬೆಲೆಗೆ ಇದನ್ನೂ ಕೂಡಿಸಿ ನೋಡಬೇಕು.

ಇದ್ದವರು ಏನು ಮಾಡಬೇಕು?

ಫೋರ್ ವೀಲ್ ಡ್ರೈವ್ ವಾಹನ ಈಗಾಗಲೇ ಮನೆಯಲ್ಲಿದ್ದರೆ ಅದನ್ನು ಕೆಲಸಕ್ಕೆ ಬರುವ ಸ್ಥಿತಿಯಲ್ಲಿ ಇಟ್ಟುಕೊಳ್ಳುವುದು ಮುಖ್ಯ. ತಿಂಗಳಿಗೊಮ್ಮೆಯಾದರೂ ಮಣ್ಣಿನ ದಾರಿಯಲ್ಲಿ ಫೋರ್ ಹೈ ಹಾಕಿ ಸ್ವಲ್ಪ ದೂರ ಓಡಿಸಬೇಕು. ಆಗ ಮುಂದಿನ ಆಕ್ಸಲ್ ಮತ್ತು ಟ್ರಾನ್ಸ್‌ಫರ್ ಕೇಸಿನ ಭಾಗಗಳಿಗೆ ಎಣ್ಣೆ ಹರಿದು, ಸೀಲುಗಳು ಒಣಗದೆ ಉಳಿಯುತ್ತವೆ. ಎಂಜಿನ್ ಆಯಿಲ್ ಬದಲಿಸುವಾಗ ಇವೆರಡರ ಆಯಿಲನ್ನೂ ನೋಡಿಸಬೇಕು. ಹಳೆಯ ಜೀಪಿನಲ್ಲಿ ಮುಂದಿನ ಚಕ್ರದ ಹಬ್ಬನ್ನು ಕೈಯಿಂದ ತಿರುಗಿಸಿ ಲಾಕ್ ಮಾಡುವ ಪದ್ಧತಿ ಇದ್ದರೆ ಅದು ತುಕ್ಕು ಹಿಡಿದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಸವೆದ ಟಯರಿಗೆ ಯಾವ ಗೇರೂ ನೆರವಾಗದು. ಬ್ರೇಕ್ ಹಿಡಿಯುವಾಗ ನಾಲ್ಕು ಚಕ್ರದ ಎಳೆತದಿಂದ ಪ್ರಯೋಜನ ಇಲ್ಲ ಎಂಬುದೂ ಗೊತ್ತಿರಲಿ. ಒದ್ದೆ ಡಾಮರಿನಲ್ಲಿ ಆ ವಾಹನ ನಿಲ್ಲಲು ಮಾಮೂಲಿ ಕಾರಿನಷ್ಟೇ, ಭಾರ ಹೆಚ್ಚಿದ್ದರೆ ಇನ್ನೂ ಹೆಚ್ಚು ಜಾಗ ಬೇಕಾಗಬಹುದು. ಥಾರ್ 650 ಮಿಲಿಮೀಟರ್ ನೀರಿನಲ್ಲಿ ದಾಟಬಲ್ಲದು ಎಂದು ಕಂಪನಿ ಹೇಳುತ್ತದೆ. ಆದರೆ ಆ ಅಳತೆ ಹರಿಯುವ ಹೊಳೆಯ ಸೆಳೆತಕ್ಕೆ ಅನ್ವಯಿಸುವುದಿಲ್ಲ. ನೀರು ಎಂಜಿನ್ನಿನ ಒಳಗೆ ಹೋಗಿ ಆದ ಹಾನಿಯನ್ನು ಮಾಮೂಲಿ ವಿಮೆ ಭರಿಸುವುದಿಲ್ಲ. ಅದಕ್ಕೆ ಎಂಜಿನ್ ರಕ್ಷಣೆಯ ಪ್ರತ್ಯೇಕ ಸೇರ್ಪಡೆ ಬೇಕು.

ಇನ್ನು ಕೊಳ್ಳಲು ಹೊರಟವರು ಷೋರೂಂಗೆ ಹೋಗುವ ಮೊದಲು ಒಂದು ಮಳೆಗಾಲದ ಲೆಕ್ಕ ಬರೆದಿಡುವುದು ಒಳ್ಳೆಯದು. ಇರುವ ವಾಹನ ಎಷ್ಟು ದಿನ, ಯಾವ ಜಾಗದಲ್ಲಿ, ಎಷ್ಟು ಮೀಟರ್ ದೂರದಲ್ಲಿ ಸಿಕ್ಕಿಬಿತ್ತು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಸಾಕು. ತುಲಾ ಮಾಸದ ಹೊತ್ತಿಗೆ ಆ ಗುರುತುಗಳು ನಾಲ್ಕೈದೇ ಇದ್ದು ಎಲ್ಲವೂ ಒಂದೇ ಏರಿನವಾದರೆ, ಮೊದಲು ಮೇಸ್ತ್ರಿಗೆ ಹೇಳಿ ಕಳುಹಿಸಬೇಕು. ಗುರುತುಗಳು ದಾರಿಯುದ್ದಕ್ಕೂ ಹರಡಿದ್ದರೆ ಫೋರ್ ವೀಲ್ ಡ್ರೈವ್‌ಗೆ ಕೊಡುವ ಹೆಚ್ಚಿನ ಹಣ ದಂಡವಾಗುವುದಿಲ್ಲ. ಕ್ಯಾಲೆಂಡರಿನಲ್ಲಿ ಒಂದೂ ಗುರುತು ಬೀಳದಿದ್ದರೂ ಆ ವಾಹನದ ಚಂದಕ್ಕೆ ಮನಸೋತು ಕೊಳ್ಳುವವರು ಇರಬಹುದು. ಅದಕ್ಕೂ ಅಡ್ಡಿಯಿಲ್ಲ. ಆದರೆ ಚಂದಕ್ಕೆ ಕೊಟ್ಟ ಹಣವನ್ನು ದಾರಿಯ ಲೆಕ್ಕಕ್ಕೆ ಬರೆಯಬಾರದು, ಅಷ್ಟೇ.